ಘಟದ ಜೋಳ ಬೆರಳುದ್ದಕ್ಕೆ ನಿಂತ ವರ್ಷ

ಕಸ ಸಾಯಲಿಲ್ಲವೆಂದು ಸಾವುಕಾರ ಎರಡನೆಯ ಸಲ ಎಣ್ಣೆ ಹೊಡೆಸಿದ. ಕೇಡು ಶುರುವಾದದ್ದು ಅಲ್ಲಿಂದ. ನಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಮಾನೋಮಿಯಲ್ಲಿ, ಅಂದರೆ ನವರಾತ್ರಿ ಹಬ್ಬದಲ್ಲಿ.

ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಕ್ಕೆಲ್ಲ ಎಣ್ಣೆ ಎಂದೇ ಹೆಸರು. ಹುಳಕ್ಕೆ ಹೊಡೆದರೆ ಹುಳದ ಎಣ್ಣೆ, ಕಳೆಗೆ ಹೊಡೆದರೆ ಕಸದ ಎಣ್ಣೆ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಸಗುಪ್ಪಿಯ ಎರೆಹೊಲಗಳಿಗೆ ಮುಂಗಾರಿನಲ್ಲಿ ಸೋಯಾಬೀನ್ ಬಂದಿತ್ತು, ಅದರ ಬೆನ್ನಿಗೇ ಅದರ ಕಸದ ಎಣ್ಣೆಯೂ ಬಂದಿತ್ತು. ಸೋಯಾಕ್ಕೆ ಏನೂ ಆಗುವುದಿಲ್ಲ, ಕಸ ಮಾತ್ರ ಸಾಯುತ್ತದೆ ಎಂದು ಮೂಡಲಗಿಯ ಅಂಗಡಿಯವನು ಹೇಳಿ ಕೊಟ್ಟಿದ್ದ. ಅದರ ಹೆಸರು ಉದ್ದವಿತ್ತು. ನನ್ನ ನಾಲಿಗೆಗೆ ಅದು ಹೊರಳಲಿಲ್ಲ, ಕೈಗೂ ಹೊರಳುವುದಿಲ್ಲ. ಕಸದ ಎಣ್ಣೆ ಎಂದೇ ಬರೆಯುತ್ತೇನೆ.

ಮೊದಲ ಸಲ ಹೊಡೆದ ದಿನ ನಾವು ಕಳೆ ತೆಗೆಯುವ ಹೆಣ್ಣಾಳುಗಳು ಕುರ್ಪಿ ಹಿಡಿದುಕೊಂಡು ದಾರಿಯ ಕಡೆಯ ಬದುವಿನ ಮೇಲೆ ಕೂತಿದ್ದೆವು. ಕಸ ಸತ್ತರೆ ನಮಗೆ ಕೆಲಸ ಇಲ್ಲ, ಸಾಯದಿದ್ದರೆ ಇದೆ. ಪಂಪು ಹೊತ್ತವನು ನಮ್ಮ ಹತ್ತಿರ ಬಂದಾಗ ಗಾಳಿಗೆ ಹನಿ ಹಾರಿ ಮೈಮೇಲೆ ಬಿತ್ತು. ನಾವು ಬೈದೆವು. ಅವನು ದಾರಿಗೆ ಹತ್ತಿದ ತುಂಡನ್ನು ಬಿಟ್ಟು ಅತ್ತ ಹೋದ. ಆ ತುಂಡನ್ನು ಆಮೇಲೆ ನಾವು ಕೈಯಿಂದಲೇ ಕಳೆ ತೆಗೆದೆವು. ಎರಡನೆಯ ಸಲವೂ ಅಲ್ಲಿ ಪಂಪು ಬರಲಿಲ್ಲ, ಸಾಯಿಸಲು ಕಸವೇ ಇರಲಿಲ್ಲವಲ್ಲ.

ಉಳಿದ ಹೊಲದಲ್ಲಿ ವಾರವಾಗುತ್ತ ಬಂದರೂ ಹುಲ್ಲು ಹಸಿರಾಗಿಯೇ ನಿಂತಿತ್ತು. ಸಾವುಕಾರ ದಿನಾ ಬೆಳಿಗ್ಗೆ ಬಂದು ಚಪ್ಪಲಿಯ ತುದಿಯಿಂದ ಕಸವನ್ನು ತಿರುವಿ ನೋಡುತ್ತಿದ್ದ. ಅವನು ಜೈನರವ. ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕೆಟ್ಟವನಲ್ಲ. ಕಾಯುವ ಗುಣ ಇರಲಿಲ್ಲ.

“ಎಂಥಾ ಎಣ್ಣಿ ಕೊಟ್ಟಾನ ಅಂವ? ಕಾಲಿವಿ ನೀರ ತುಂಬಿ ಕೊಟ್ಟಾನೇನ?” ಎಂದ.

“ಸಾವ್ಕಾರ್ರ, ಕುರ್ಪಿ ನಮ್ಮ ಕೈಯಾಗ ಐತ್ರಿ. ಹೂಂ ಅನ್ರಿ, ಇವತ್ತ ಇಳಿತೇವಿ,” ಎಂದೆ.

“ನೀವು ಹೊಲಕ್ಕ ಇಳದ್ರ ಮ್ಯಾಲ ಹತ್ತೋದು ಯಾವಾಗ? ಹಾಡ ಹೇಳಕೋತ ಹದಿನೈದ ದಿನಾ ಮಾಡ್ತೀರಿ.”

ಮರುದಿನ ಮತ್ತೆ ಪಂಪು ಹೊರಿಸಿದ. ಈ ಸಲ ಮೊದಲಿಗಿಂತ ಗಟ್ಟಿ ಕಲಸಿದ್ದರು. ಕೆಲವು ದಿನಕ್ಕೆ ಕಸದ ಸುಳಿ ಹಳದಿಯಾಯಿತು, ಎಳೆಯ ಎಲೆಯ ನರ ಕೆಂಪಾಯಿತು. ಹಳೆಯ ಎಲೆ ಮಾತ್ರ ಹಸಿರಾಗಿಯೇ ಇತ್ತು. ಸುಳಿ ಹಿಡಿದು ಎಳೆದರೆ ಕೊಳೆತ ನಾರಿನ ಹಾಗೆ ಕೈಗೆ ಬಂತು. ಸುಟ್ಟ ಹಾಗಲ್ಲ, ಕಡಿದ ಹಾಗಲ್ಲ. ನಿಂತಲ್ಲಿಯೇ ಬೆಳೆಯುವುದನ್ನು ಮರೆತ ಹಾಗೆ. “ನೋಡ ಮುದುಕಿ, ಎರಡನೇದಕ್ಕ ಸತ್ತತಿ,” ಎಂದ ಸಾವುಕಾರ. ನಾವೂ ಹಾಗೆಯೇ ತಿಳಿದೆವು. ಆಮೇಲೆ ನಡುವಿನ ಮಳೆ ಕೈಕೊಟ್ಟಿತು. ಆದರೂ ಸೋಯಾ ಬಂತು.

ಸೋಯಾ ಕೊಯ್ದ ಮೇಲೆ ಹಿಂಗಾರಿ ಜೋಳ ಬಿತ್ತಲು ಆ ಹೊಲವನ್ನು ಸಾವುಕಾರ ಪಾಲಿಗೆ ಕೊಟ್ಟ. ಅರ್ಧ ನನಗೆ, ದಾರಿಯ ಕಡೆಯ ಅರ್ಧ ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ. ಬೀಜ ನಮ್ಮದು, ದುಡಿಮೆ ನಮ್ಮದು. ಜೋಳದಲ್ಲಿ ಅರ್ಧ ಅವನಿಗೆ, ಕಣಿಕೆಯೆಲ್ಲ ನಮಗೆ. ಕಣಿಕೆ ಎಂದರೆ ಜೋಳದ ದಂಟು. ವರ್ಷವಿಡೀ ಎಮ್ಮೆಯ ಮೇವು. ನನ್ನ ಮನೆಗೆ ವರ್ಷದ ರೊಟ್ಟಿ ಮತ್ತು ಎಮ್ಮೆಯ ಹೊಟ್ಟೆ ಎರಡೂ ಆ ಅರ್ಧ ಹೊಲದಲ್ಲಿಯೇ ಬರಬೇಕಿತ್ತು. ಬೇರೆ ಹೊಲ ನಮಗೆ ಇರಲಿಲ್ಲ. ಮಗ ಕಬ್ಬಿನ ಹಂಗಾಮಿಗೆ ಫ್ಯಾಕ್ಟರಿಯ ಕಡೆ ಹೋಗಿದ್ದ. ಮನೆಯಲ್ಲಿ ನಾನು, ಸೊಸೆ, ಎಮ್ಮೆ.

ನವರಾತ್ರಿಯ ಮೊದಲ ದಿನ ನಮ್ಮಲ್ಲಿ ಘಟ ಹಾಕುತ್ತಾರೆ. ಮುಂದೆ ಬಿತ್ತುವ ಹೊಲದ ಮಣ್ಣನ್ನು ತಂದು ಬುಟ್ಟಿಯಲ್ಲಿ ಹರವಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಜೋಳ, ಹೆಸರು, ಅಲಸಂದಿ ಬಿತ್ತುವುದು. ದೀಪ ಆರಬಾರದು, ಬುಟ್ಟಿ ಕದಲಬಾರದು, ಮೊಳಕೆಗೆ ಕೈ ಹಚ್ಚಬಾರದು. ದಸರೆಯ ಹೊತ್ತಿಗೆ ಸಸಿ ಗೇಣುದ್ದ ಬಂದರೆ ಹಿಂಗಾರಿ ಚೆನ್ನ. ಗಂಡಸರು ಆ ಸಸಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡು ಬನ್ನಿ ಕೊಡಲು ಹೋಗುತ್ತಾರೆ. ಆ ವರ್ಷ ಘಟ ಹಾಕಿದವಳು ಸೊಸೆ. ನಮ್ಮ ಮನೆಗೆ ಬಂದ ಮೇಲೆ ಅವಳ ಮೊದಲ ಘಟ. ಮಣ್ಣನ್ನೂ ಅವಳೇ ಹೊಲದ ನಡುವಿನಿಂದ ತಂದಳು.

ಮೂರನೆಯ ದಿನಕ್ಕೆ ಎಲ್ಲ ಕಾಳೂ ಮೊಳೆತವು. ಐದನೆಯ ದಿನಕ್ಕೆ ಹೆಸರು, ಅಲಸಂದಿ ಗಡಿಗೆಯ ಕಂಠ ಮುಟ್ಟಲು ಹೊರಟಿದ್ದವು. ಜೋಳ ಬೆರಳುದ್ದ ಬಂದು ನಿಂತಿತ್ತು. ನೀರು ಹಾಕಿದರೂ ನಿಂತಿತ್ತು. ಕೈ ಮುಗಿದರೂ ನಿಂತಿತ್ತು.

ನೆಗೆಣ್ಣಿ ಆರತಿಗೆ ಬಂದವಳು ಬುಟ್ಟಿ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

“ಯಕ್ಕಾ, ಇದೇನ ಇದು? ನಮ್ಮನಿ ಘಟ ನೋಡ ಹೋಗು, ಹೆಂಗ ಎದ್ದೈತಿ!”

“ನಿಮ್ಮ ಘಟಕ್ಕ ಮಣ್ಣ ಎಲ್ಲಿಂದ ತಂದಿ?”

“ಹಿತ್ತಲದ್ದು. ಅಷ್ಟ ದೂರ ಯಾರ ಹೋಗ್ತಾರ?” ಎಂದವಳು ಸೊಸೆಯ ಕಡೆ ತಿರುಗಿದಳು. “ಬೆಲ್ಲದ ಬಾಗೇವಾಡಿಯವರ ಕೈ ಬೆಲ್ಲಕ್ಕ ಚೊಲೊ, ಬೀಜಕ್ಕಲ್ಲ ಬಿಡವಾ. ಬಿತ್ತೂ ಮುಂದ ಮೈ ಮಡಿ ಇತ್ತೋ ಇಲ್ಲೋ?”

ಬೆಲ್ಲದ ಬಾಗೇವಾಡಿ ಸೊಸೆಯ ತವರು. ಹುಡುಗಿ ದೀಪಕ್ಕೆ ಎಣ್ಣೆ ಹಾಕಿದಳು. ಅರ್ಧ ಹೊರಗೆ ಚೆಲ್ಲಿತು.

“ದೇವಿಗಿ ಜ್ವಾಳದ ಮ್ಯಾಲ ಅಷ್ಟ ಸಿಟ್ಟೇನ?” ಎಂದೆ ನಾನು. “ಹೆಸರ ಯಾಕ ಬಿಟ್ಲು? ಅಲಸಂದಿ ಯಾಕ ಬಿಟ್ಲು? ಕೈ ಕೆಟ್ಟದ್ದಿದ್ರ ಎಲ್ಲಾ ಕಾಳಿಗೂ ಕೆಟ್ಟದ್ದ.”

“ಅದನ್ನ ದೇವೀನ ಕೇಳ ನೀ,” ಎಂದು ನೆಗೆಣ್ಣಿ ಕುಂಕುಮ ಹಚ್ಚಿಸಿಕೊಂಡು ಹೋದಳು. ಸಂಜೆಯೊಳಗೆ ಓಣಿಯೆಲ್ಲ ಗೊತ್ತಾಯಿತು. ಬಂದವರೆಲ್ಲ ಬುಟ್ಟಿ ನೋಡಿ ಸೊಸೆಯ ಮುಖ ನೋಡುತ್ತಿದ್ದರು.

ಸೊಸೆಯ ಮೇಲಿನ ಅಕ್ಕರೆಯಿಂದ ನಾನು ಮುಂದಿನದನ್ನು ಮಾಡಲಿಲ್ಲ. ಆಗ ಅವಳ ಮೇಲೆ ಅಂಥ ಅಕ್ಕರೆ ಇರಲೂ ಇಲ್ಲ. ನನಗೆ ಜೋಳ ಬೇಕಿತ್ತು. ಬುಟ್ಟಿಯಲ್ಲಿ ನಿಂತ ಜೋಳ ಹೊಲದಲ್ಲಿಯೂ ನಿಂತರೆ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಎದ್ದು ಘಟದ ಮುಂದೆ ಕೂತು ಒಂದು ಜೋಳದ ಸಸಿಯನ್ನು ಬೇರು ಸಮೇತ ಕಿತ್ತೆ.

ಸೊಸೆ ಚೀರಿದಳು. “ಅತ್ತೀ! ಘಟಕ್ಕ ಕೈ ಹಚ್ಚಿದ್ರಿ?”

“ಹಚ್ಚೇನಿ. ನಿನ್ನ ತೆಲಿ ಮ್ಯಾಲ ಬರೂದು ನನ್ನ ತೆಲಿ ಮ್ಯಾಲ ಬರಲಿ. ನೋಡಿಲ್ಲಿ.”

ಒಳ್ಳೆಯ ಜೋಳದ ಬೇರು ಕೂದಲ ಹಾಗೆ ಹರಡುತ್ತದೆ. ಇದರ ಬೇರು ಮೊಂಡಾಗಿತ್ತು. ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಸುತ್ತ ಗಿಡ್ಡ ಗಿಡ್ಡ ಎಳೆ. ಎಲೆಯ ಬುಡ ಕೆಂಪಡರಿತ್ತು. ಆ ಬಣ್ಣವನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಆಮೇಲೆ ನೆನಪಾಯಿತು. ಸೋಯಾದೊಳಗೆ ಸತ್ತ ಕಸ ಇದೇ ಬಣ್ಣಕ್ಕೆ ತಿರುಗಿತ್ತು.

ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಾವುಕಾರನ ಬಾವಿಯ ಹತ್ತಿರ ಬಿದ್ದಿದ್ದ ಖಾಲಿ ಎಣ್ಣೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಅಲ್ಲಿನ ಕೃಷಿ ಕೇಂದ್ರದಲ್ಲಿ ಒಬ್ಬ ಮೇಡಂ ಇದ್ದರು. ಹಿಂದೆ ನಮ್ಮ ಊರಿಗೆ ಬಂದು ಬೀಜಕ್ಕೆ ಔಷಧ ಹಚ್ಚುವುದನ್ನು ಕಲಿಸಿ ಹೋಗಿದ್ದರು. ಅವರು ಬೇರನ್ನು ಬಿಳಿ ಹಾಳೆಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದರು. ಡಬ್ಬಿಯ ಮೇಲಿನದನ್ನು ಓದಿದರು. ಎಷ್ಟು ಸಲ ಹೊಡೆದರು, ಆಮೇಲೆ ಮಳೆ ಆಯಿತೇ ಎಂದು ಕೇಳಿದರು. ಹೇಳಿದೆ. ಅವರ ಮುಖ ಚಿಕ್ಕದಾಯಿತು.

“ಅಜ್ಜೀ, ನಾಳೆ ನಾ ನಾಗನೂರಕ್ಕ ಬರಾಕತ್ತೇನಿ. ಹಂಗ ನಿಮ್ಮೂರಿಗೂ ಬರ್ತೇನಿ. ಅಲ್ಲೀತನಕಾ ಬಿತ್ತಬ್ಯಾಡ್ರಿ.”

ಮರುದಿನ ಬಂದರು. ಸಾವುಕಾರನಿಗೂ ಸುದ್ದಿ ಮುಟ್ಟಿ ಅವನೂ ನಮ್ಮ ಕಟ್ಟೆಗೆ ಬಂದು ಕೂತ. ಮೇಡಂ ಹೇಳಲು ಶುರು ಮಾಡಿದರು.

“ಈ ಎಣ್ಣಿ ಗಿಡದೊಳಗ ಹೆಂಗ ಕೆಲಸ ಮಾಡತೈತಿ ಅಂದ್ರ... ಅಜ್ಜೀ, ನಿಮ್ಮನಿ ಬಾಗಲಕ್ಕ ಕೀಲಿ ಹಾಕ್ತೀರಲ್ಲ?”

“ಕೀಲಿ ಯಾಕ್ರಿ ನಮಗ? ನಮ್ಮನಿಗಿ ಕದಿಯಾಕ ಬಂದಾಂವನ ಏನರೆ ಇಟ್ಟ ಹೋಗಬೇಕ್ರಿ.”

ಮೇಡಂ ನಕ್ಕು ಅತ್ತಿತ್ತ ನೋಡಿದರು. ಪಡಸಾಲೆಯಲ್ಲಿ ಬೀಸುಕಲ್ಲು ಇತ್ತು. ಅದರ ಮುಂದೆ ಹೋಗಿ ಕೂತು, ಕಾಳು ಹಾಕುವ ಬಾಯಿಯ ಮೇಲೆ ಬೆರಳಿಟ್ಟರು.

“ಗಿಡದೊಳಗ ಇಂಥಾ ಕಲ್ಲ ಭಾಳ ಇರ್ತಾವ. ಕಣ್ಣಿಗಿ ಕಾಣಂಗಿಲ್ಲ. ನಾವು ಕಿಣ್ವ ಅಂತೇವಿ. ಒಂದೊಂದು ಕಲ್ಲಿಗಿ ಒಂದೊಂದು ಕೆಲಸ. ಅದರಾಗ ಒಂದು ಕಲ್ಲು ಹೊಸಾ ಸುಳಿ ಕಟ್ಟಾಕ, ಹೊಸಾ ಬೇರ ಬಿಡಾಕ ಬೇಕಾದ ಮೂರ ನಮೂನಿ ಹಿಟ್ಟ ಬೀಸತೈತಿ ಅಂತ ತಿಳಕೋರಿ.” ಅಂಗಳದಿಂದ ಒಂದು ಹರಳು ತಂದು ಕಲ್ಲಿನ ಬಾಯಿಗೆ ಒತ್ತಿದರು. ಅದು ಸಿಕ್ಕಿಕೊಂಡು ಕೂತಿತು. “ಈ ಎಣ್ಣಿ ಹಿಂಗ ಹೋಗಿ ಬಾಯಾಗ ಕುಂಡರತೈತಿ. ಅಲ್ಲಿಗಂತನ ಮಾಡಿದಂಗ ಕುಂಡರತೈತಿ. ಕಲ್ಲ ಒಡಿಯಂಗಿಲ್ಲ, ಸುಡಂಗಿಲ್ಲ. ಕಾಳ ಒಳಗ ಹೋಗೂ ದಾರಿ ಅಷ್ಟ ಮುಚ್ಚತೈತಿ.”

“ಕಲ್ಲ ಹಂಗ ಇರತೈತೇನ್ರಿ?”

“ಹಂಗ ಇರತೈತಿ. ಕಾಳೂ ಇರತೈತಿ. ಹಿಟ್ಟ ಬರಂಗಿಲ್ಲ.”

ನಾನು ಗೂಟ ಹಿಡಿದು ಕಲ್ಲನ್ನು ತಿರುಗಿಸಿ ನೋಡಿದೆ. ಸುಮ್ಮನೆ ತಿರುಗಿತು. ಬರಿಗಲ್ಲಿನ ಸದ್ದು.

“ಮತ್ತ ಕಸ ಅಷ್ಟ ದಿನಾ ಹಸರ ಯಾಕ ಇತ್ತು?” ಎಂದ ಸಾವುಕಾರ.

“ಈ ಅಜ್ಜಿ ಕಲ್ಲ ಇವತ್ತ ಕೆಟ್ರ ಇವತ್ತ ಉಪಾಸ ಬೀಳ್ತಾರೇನ್ರಿ? ಡಬ್ಬಿಯೊಳಗಿನ ಹಿಟ್ಟ ಮುಗಿಯೂತನಕಾ ರೊಟ್ಟಿ ಆಗ್ತಾವ. ಕಸಾನೂ ಹಂಗ. ನೀವ ಮೊದಲನೇ ಸಲ ಹೊಡದ ದಿನಾನ ಅದರ ಕಲ್ಲ ನಿಂತಿತ್ತು. ಇದ್ದ ಹಿಟ್ಟ ತಿಂದ ಹಸರ ಇತ್ತಷ್ಟ.”

“ಅಂದ್ರ ಎರಡನೇ ಸಲ ಹೊಡದದ್ದು?”

“ಬಾಯಿ ಮುಚ್ಚಿದ ಕಲ್ಲಿಗಿ ಮತ್ತ ಹರಳ ಹಾಕಿದ್ರ ಏನಾಕ್ಕೈತ್ರಿ? ಮ್ಯಾಲ ಉಳಿತಾವ. ನಿಮ್ಮದು ಮಣ್ಣಾಗ ಉಳದೈತಿ.”

ಸಾವುಕಾರ ಮರಾಠಿಯಲ್ಲಿ ಏನೋ ಗೊಣಗಿದ. ಆಗ ಬಾಗಿಲ ಮರೆಯಲ್ಲಿದ್ದ ಸೊಸೆ ಮೊದಲ ಸಲ ಬಾಯಿ ತೆರೆದಳು.

“ಸೋಯಾ ಯಾಕ ಸಾಯಲಿಲ್ರಿ? ಘಟದಾಗ ಹೆಸರ ಯಾಕ ಎದ್ದೈತ್ರಿ?”

“ಚೊಲೊ ಕೇಳಿದಿ ನೋಡವಾ. ಸೋಯಾ, ಹೆಸರು ಇವೆಲ್ಲಾ ಆ ಹರಳು ಕಲ್ಲಿನ ಬಾಯಿ ಮುಟ್ಟೂದರೊಳಗ ಅದನ್ನ ಮುರದ ಹಾಕ್ತಾವ. ಮುರದ ಹರಳು ಅಲ್ಲಿ ಕುಂಡರಂಗಿಲ್ಲ. ಜ್ವಾಳಕ್ಕ ಅಷ್ಟ ಲಗೂ ಮುರಿಯಾಕ ಬರಂಗಿಲ್ಲ. ಬೀಜದಾಗಿನ ಹಿಟ್ಟ ಇರೂತನಕಾ ಏಳತೈತಿ, ಆಮ್ಯಾಲ ನಿಂದರತೈತಿ.”

ನಾನು ಒಂದು ಮಾತು ಕೇಳಿದೆ. “ನಮ್ಮೊಳಗ ಐತೇನ್ರಿ ಆ ಕಲ್ಲು? ಎಮ್ಮಿಯೊಳಗ?”

“ಇಲ್ಲ. ಆ ಮೂರ ಹಿಟ್ಟು ನಾವು ಬೀಸಂಗಿಲ್ಲ. ಗಿಡ ಬೀಸಿದ್ದನ್ನ ನಾವು ತಿಂತೇವಿ. ಅಂಜಬ್ಯಾಡ್ರಿ.”

ಮೇಡಂ ಸಮಾಧಾನಕ್ಕೆ ಹೇಳಿದರು. ನನಗೆ ಸಮಾಧಾನ ಆಗಲಿಲ್ಲ. ನಮಗಾಗಿ ಬೀಸುವುದರ ಬಾಯಿಗೇ ಹರಳು ಬಿದ್ದಿದೆ ಎಂದಾಯಿತಲ್ಲ. ಅದು ಮಣ್ಣಿನಿಂದ ಯಾವಾಗ ಹೋಗುತ್ತದೆ ಎಂದು ಕೇಳಿದೆ. ಮಣ್ಣಿನ ಸಣ್ಣ ಜೀವಗಳು ಅದನ್ನು ತಿಂದು ಕರಗಿಸಬೇಕು, ಅವಕ್ಕೆ ಹಸಿ ಬೇಕು, ಈ ವರ್ಷ ಮಳೆ ಆಗಿಲ್ಲ ಎಂದರು. “ಎಷ್ಟ ಉಳದೈತಿ ಅಂತ ನಾ ಇಲ್ಲಿ ಕುಂತ ಹೇಳಾಕ ಬರಂಗಿಲ್ಲ, ಖರೆ ಹೇಳ್ತೇನಿ. ಜ್ವಾಳಾನ ಕೇಳಬೇಕು.”

ಕೇಳುವ ರೀತಿಯನ್ನೂ ಹೇಳಿಕೊಟ್ಟರು. ಹೊಲವನ್ನು ಅಡ್ಡ ಉದ್ದ ನಡೆದು ಹಲವು ಕಡೆ ಗೇಣು ಆಳದ ತನಕ ಮಣ್ಣು ತೆಗೆಯಬೇಕು, ಎಲ್ಲವನ್ನೂ ಗೋಣಿಯ ಮೇಲೆ ಹಾಕಿ ಕಲಸಬೇಕು. ಆ ಮಣ್ಣನ್ನು ತಳಕ್ಕೆ ತೂತು ಹಾಕಿದ ಡಬ್ಬಿಗಳಲ್ಲಿ ತುಂಬಬೇಕು. ಎಣ್ಣೆ ಬೀಳದ ಮಣ್ಣನ್ನು ಬೇರೆ ಡಬ್ಬಿಯಲ್ಲಿ ತುಂಬಬೇಕು. ಎರಡಕ್ಕೂ ಒಂದೇ ಬೀಜ, ಒಂದೇ ನೀರು, ಒಂದೇ ಬಿಸಿಲು. ಹೊಲದ ಮಣ್ಣಿನ ಒಂದು ಡಬ್ಬಿಯಲ್ಲಿ ಕಡಲೆಯನ್ನೂ ಹಾಕಿ ನೋಡಿ ಎಂದರು. ಅಷ್ಟರಲ್ಲಿ ಜೀಪಿನವನು ಹಾರ್ನು ಹೊಡೆದ. ಅವರು ಹೋದರು.

ಮಣ್ಣು ತರಲು ನಾನು ಬುಟ್ಟಿ ಎತ್ತಿದೆ. ಸಾವುಕಾರ ತಡೆದ. “ನನ್ನ ಹೊಲದ ಮಣ್ಣ ನಾನ ಕೊಡ್ತೇನಿ. ನೀ ಎಲ್ಲೆರೆ ಕೆಟ್ಟ ಮಣ್ಣ ಹುಡಿಕ್ಯಾಡಿ ತರಾಕಿ.” ಸಂಜೆ ಅವನ ಆಳು ಬ್ಯಾರಲ್ಲಿನ ತುಂಬ ಮಣ್ಣನ್ನು ಗಾಡಿಯಲ್ಲಿ ತಂದು ಅಂಗಳದಲ್ಲಿ ಸುರಿದು ಹೋದ. ಡಬ್ಬಿ ತುಂಬಿದೆವು. ಬೀಜ ಹಾಕಿದೆವು.

ದಸರೆ ಬಂತು. ನಮ್ಮ ಘಟದ ಜೋಳ ಬೆರಳುದ್ದದಲ್ಲಿಯೇ ಇತ್ತು. ನಮ್ಮ ಮನೆಯಿಂದ ಯಾರೂ ಸಸಿ ಸಿಕ್ಕಿಸಿಕೊಂಡು ಹೋಗಲಿಲ್ಲ. ಸೊಸೆ ಬಾಗಿಲು ಹಾಕಿಕೊಂಡು ಕೂತಳು.

ಆದರೆ ಡಬ್ಬಿಗಳಲ್ಲಿ ಜೋಳ ಎದ್ದಿತು. ಸಾವುಕಾರ ಕೊಟ್ಟ ಮಣ್ಣಿನಲ್ಲಿ ಎದ್ದದ್ದಷ್ಟೇ ಅಲ್ಲ, ದಟ್ಟ ಹಸಿರಾಗಿ ಎದ್ದಿತು. ಬೆರಳು ದಾಟಿತು, ಗೇಣು ಮುಟ್ಟಿತು. ಓಣಿಯವರೆಲ್ಲ ಬಂದು ನೋಡಿದರು. ನೆಗೆಣ್ಣಿ ಡಬ್ಬಿಯನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

“ಇದ ಅದ ಹೊಲದ್ದಲ್ಲ? ಮತ್ತ ಹರಳ ಎಲ್ಲಿ ಹೋತು? ಯಕ್ಕಾ, ದೋಷ ಮಣ್ಣಾಗಿಲ್ಲ, ನಿಮ್ಮ ಮನ್ಯಾಗ ಐತಿ.”

ಸಾವುಕಾರ ಕಟ್ಟೆಯ ಮೇಲೆ ಕೂತು ಅಡಿಕೆ ಬಾಯಿಗೆ ಹಾಕಿಕೊಂಡ. “ಸಾಲಿ ಕಲತವರ ಮಾತು ಸಾಲ್ಯಾಗ ಇರಬೇಕು. ಹಸಿ ಆರಾಕತ್ತೈತಿ. ಬಿತ್ತರಿ.”

ಎರೆಹೊಲದ ಹಸಿ ಕಾಯುವುದಿಲ್ಲ. ದಿನ ದಿನಕ್ಕೂ ಕೆಳಗೆ ಇಳಿಯುತ್ತದೆ, ಬಿತ್ತುವ ಕೂರಿಗೆಯ ಹಲ್ಲಿಗೆ ಸಿಗದಷ್ಟು ಕೆಳಗೆ ಹೋದರೆ ಆ ವರ್ಷ ಮುಗಿಯಿತು. ನೆಗೆಣ್ಣಿಯ ಮನೆಯವರು ಮರುದಿನವೇ ತಮ್ಮ ಅರ್ಧದಲ್ಲಿ ಜೋಳ ಬಿತ್ತಿದರು. ನಾನೂ ಬೀಜದ ಗಂಟು ಬಿಚ್ಚಿದೆ. ಕೂರಿಗೆಯವನಿಗೆ ಹೇಳಿ ಕಳಿಸಿದೆ. ಮೇಡಂ ಹೇಳಿದ್ದು ತಪ್ಪಾಗಿರಬಹುದು, ಘಟ ನಿಂತದ್ದಕ್ಕೆ ಬೇರೇನೋ ಇರಬಹುದು ಎಂದುಕೊಂಡೆ. ಹಸಿರು ಕಣ್ಣಮುಂದೆ ಇದ್ದಾಗ ನಂಬದೆ ಇರುವುದು ಕಷ್ಟ.

ಸೊಸೆ ಡಬ್ಬಿಯ ಮಣ್ಣನ್ನು ಬೆರಳಿನಿಂದ ಕೆದರುತ್ತ ಕೂತಿದ್ದಳು. ಒಂದು ಚೂರು ಸುಣ್ಣದ ಕಲ್ಲು ಎತ್ತಿ ತೋರಿಸಿದಳು.

“ಅತ್ತೀ, ಈ ಗರಸ ನಮ್ಮ ಹೊಲದಾಗ ಎಲ್ಲೈತಿ?”

ನೋಡಿದೆ. ಅದು ರಸ್ತೆಗೆ ಹಾಕಿದ ಗರಸು. ಆ ಹೊಲದಲ್ಲಿ ಗರಸು ಸಿಗುವುದು ದಾರಿಗೆ ಹತ್ತಿದ ತುಂಡಿನಲ್ಲಿ ಮಾತ್ರ. ಆಳು ಗಾಡಿ ನಿಲ್ಲಿಸಿದ ಕಡೆಯೇ ಮಣ್ಣು ತುಂಬಿಕೊಂಡು ಬಂದಿದ್ದ. ಪಂಪಿನವನನ್ನು ನಾವು ಬೈದು ಓಡಿಸಿದ ತುಂಡು. ಎಣ್ಣೆ ಬೀಳದ ತುಂಡು.

ಸಾವುಕಾರ ಬೇಕೆಂದು ಮಾಡಿಸಿದ್ದಲ್ಲ. ಒಂದೇ ಹೊಲ, ಒಂದೇ ಮಣ್ಣು ಎಂದುಕೊಂಡಿದ್ದ. ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅತ್ತೆ ಸೊಸೆ ಇಬ್ಬರೂ ಬುಟ್ಟಿ ತೆಗೆದುಕೊಂಡು ನಮ್ಮ ಅರ್ಧ ಹೊಲವನ್ನು ಅಡ್ಡ ಉದ್ದ ತುಳಿದೆವು. ನಡುವಿನಲ್ಲಿ, ಬಾವಿಯ ಹತ್ತಿರ, ಪಂಪಿನವನು ತಿರುಗುವ ಮೂಲೆಯಲ್ಲಿ, ಎಲ್ಲ ಕಡೆಯೂ ಗುದ್ದಲಿ ಹಾಕಿದೆವು. ಕಲಸಿ ಡಬ್ಬಿ ತುಂಬಿ ಮತ್ತೆ ಜೋಳ ಹಾಕಿದೆವು. ಕೂರಿಗೆಯವನು ಬಂದ. ಇವತ್ತು ಬೇಡ ಎಂದೆ. ಅವನು ಎತ್ತುಗಳ ಮುಖ ನೋಡಿ, ನನ್ನ ಮುಖ ನೋಡಿ ಹೋದ.

ಆ ಮೇಲಿನ ದಿನಗಳನ್ನು ನಾನು ಮರೆತಿಲ್ಲ. ಅತ್ತ ನೆಗೆಣ್ಣಿಯ ಹೊಲದಲ್ಲಿ ಜೋಳ ಸಾಲು ಹಿಡಿದು ಎದ್ದಿತು. ದೂರದಿಂದ ನೋಡಿದರೆ ಹಸಿರು ದಾರ ಎಳೆದ ಹಾಗೆ. ಇತ್ತ ನಮ್ಮ ಹೊಲ ಬರಿದಾಗಿ ಬಿರುಕು ಬಿಡುತ್ತಿತ್ತು. ಹಾದುಹೋಗುವವರೆಲ್ಲ ಕೇಳುವವರೇ. “ಏನ ಮುದುಕಿ, ಡಬ್ಬ್ಯಾಗ ಸುಗ್ಗಿ ಮಾಡ್ತೀಯೇನ ಈ ವರ್ಷ?” ನಮ್ಮ ಡಬ್ಬಿಯ ಜೋಳವೂ ಎದ್ದಿತು. ಸೊಸೆ ಬೆಳಿಗ್ಗೆ ಎದ್ದವಳೇ ಅದರ ಪಕ್ಕ ಬೆರಳಿಟ್ಟು ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಬೆರಳು ತೆಗೆಯಲಿಲ್ಲ.

“ನಿಂತೈತ್ರಿ ಅತ್ತೀ,” ಎಂದಳು.

ಸುಳಿ ಹಳದಿ, ನರ ಕೆಂಪು. ಕಿತ್ತು ನೋಡಿದರೆ ಅದೇ ಮೊಂಡು ಬೇರು. ಪಕ್ಕದ ಡಬ್ಬಿಯಲ್ಲಿ ಅದೇ ಮಣ್ಣಿನಲ್ಲಿ ಕಡಲೆ ಸ್ವಲ್ಪ ಬಿಳುಚಿಕೊಂಡಿದ್ದರೂ ಕವಲು ಒಡೆಯುತ್ತಿತ್ತು.

ಸಾವುಕಾರನ ಮನೆಗೆ ಹೋಗಿ ಹೇಳಿದೆ. “ಜ್ವಾಳ ಬಿತ್ತಂಗಿಲ್ರಿ. ಕಡ್ಲಿ ಹಾಕ್ತೇನಿ.”

“ಮಾತ ಆಗಿದ್ದು ಜ್ವಾಳಕ್ಕ.”

“ಆವಾಗ ಮಣ್ಣ ಹಿಂಗಿತ್ತಂತ ನೀವ ಹೇಳಲಿಲ್ಲಲ್ರಿ.”

“ನನಗರೆ ಎಲ್ಲಿ ಗೊತ್ತಿತ್ತು?” ಎಂದು ಕೂಗಿದ. ಆಮೇಲೆ ದನಿ ತಗ್ಗಿಸಿದ. “ಮತ್ತ ಕಣಿಕಿ? ಎಮ್ಮಿಗಿ ಏನ ಹಾಕ್ತಿ?”

ಅದನ್ನು ನಾನು ಯೋಚನೆ ಮಾಡಿಯೇ ಬಂದಿದ್ದೆ. ಕಡಲೆಯಿಂದ ಕಣಿಕೆ ಬರುವುದಿಲ್ಲ. “ಎಮ್ಮಿ ಮಾರ್ತೇನಿ,” ಎಂದೆ.

ಉಳಿದ ಹಸಿಯಲ್ಲಿ ಕಡಲೆ ಬಿತ್ತಿದೆವು. ನೆಗೆಣ್ಣಿಯ ಜೋಳ ಆ ಹೊತ್ತಿಗೆ ಬೆರಳುದ್ದವಾಗಿ ನಿಂತಿತ್ತು. ಅವಳು ಚಳಿ ಬಿದ್ದಿದೆ, ಅದಕ್ಕೇ ನಿಂತಿದೆ ಎಂದಳು. ಗೊಬ್ಬರ ಹಾಕಿಸಿದಳು. ಸಾಲಿನ ನಡುವೆ ಎಡೆ ಹೊಡೆಸಿದಳು. ಅದು ಸಾಯಲೂ ಇಲ್ಲ. ತಿಂಗಳಾದರೂ ಹಾಗೆಯೇ ನಿಂತಿತ್ತು. ಹಳೆಯ ಎಲೆ ಹಸಿರು, ಸುಳಿ ಹಳದಿ. ಅವಳ ಇಡೀ ಹೊಲವೇ ದೊಡ್ಡದೊಂದು ಘಟವಾಗಿತ್ತು. ದಾರಿಗೆ ಹತ್ತಿದ ತುಂಡಿನಲ್ಲಿ ಮಾತ್ರ ಜೋಳ ಆಳೆತ್ತರ ಬೆಳೆದು ತೆನೆ ಹಿಡಿಯಿತು. ಬಸ್ಸಿನಲ್ಲಿ ಹೋಗುವವರಿಗೆ ಅದೊಂದೇ ಕಾಣುತ್ತಿತ್ತು. ಈ ವರ್ಷ ಮಸಗುಪ್ಪಿಯ ಜೋಳ ಚೊಲೊ ಐತಿ ಎಂದು ಯಾರೋ ಮೂಡಲಗಿಯ ಸಂತೆಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ನಾನು ಅಲ್ಲಿ ಎಮ್ಮೆಯ ಹಗ್ಗ ಹಿಡಿದು ಗಿರಾಕಿಗೆ ಕಾಯುತ್ತಿದ್ದೆ.

ಒಂದು ದಿನ ನೆಗೆಣ್ಣಿ ಆ ಎತ್ತರದ ಜೋಳದ ಮರೆಯಲ್ಲಿ ನಿಂತಿದ್ದಳು. ನಾನು, ಸೊಸೆ ಕಡಲೆಗೆ ಹೋಗುತ್ತಿದ್ದೆವು. ಅವಳು ಸೊಸೆಯನ್ನು ನೋಡಿದಳು. ಸೊಸೆ ಅವಳನ್ನು ನೋಡಿದಳು. “ಬರ್ರಿ ಚಿಗವ್ವ, ಕಡ್ಲಿ ಸೊಪ್ಪ ಹರಕೊಂಡ ಹೋಗ್ರಿ, ಪಲ್ಲೆಕ್ಕ ಆಕ್ಕೈತಿ,” ಎಂದಳು ಸೊಸೆ. ಅವಳು ಬಂದು ಹರಿದುಕೊಂಡು ಹೋದಳು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಆ ವರ್ಷ ಅವರ ಮನೆಯಲ್ಲಿಯೂ ಕೊಂಡ ಜೋಳ, ನಮ್ಮ ಮನೆಯಲ್ಲಿಯೂ ಕೊಂಡ ಜೋಳ.

ಮುಂದಿನ ಮುಂಗಾರಿಗೆ ಸಾವುಕಾರ ಮತ್ತೆ ಅದೇ ಎಣ್ಣೆ ತಂದ. “ಈ ಸಲ ಒಂದ ಸಲಾ ಅಷ್ಟ ಹೊಡಸ್ತೇನಿ, ಕಾಯ್ತೇನಿ,” ಎಂದ. ಬಾಜೂ ಹೊಲದವರೂ ತಂದಿದ್ದರು. ಆಚೆಯವರೂ ತಂದಿದ್ದರು. ಯಾರು ಎಷ್ಟು ಸಲ ಹೊಡೆದರು, ಎಷ್ಟು ಗಟ್ಟಿ ಕಲಸಿದರು ಎಂದು ಯಾರೂ ಯಾರಿಗೂ ಹೇಳಲಿಲ್ಲ. ನಮ್ಮ ಕುರ್ಪಿಗಳು ಗೋಡೆಯ ಮಾಡದಲ್ಲಿ ತುಕ್ಕು ಹಿಡಿದವು.

ಮಾನೋಮಿ ಬಂತು. ಸೊಸೆ ಘಟ ಹಾಕಿದಳು. ಈ ಸಲ ಎಲ್ಲ ಕಾಳೂ ಎದ್ದವು. ಜೋಳ ಎಲ್ಲಕ್ಕಿಂತ ಮುಂದೆ ಎದ್ದು ಗಡಿಗೆಯನ್ನು ಮುಚ್ಚಿತು. ಓಣಿಯವರು ನೋಡಿ ಸೊಸೆಯ ಕೈ ಹೊಗಳಿದರು. ನೆಗೆಣ್ಣಿ ಸೊಸೆಯ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಸಾವುಕಾರನ ಮನೆಯಿಂದ ಆಳು ಬಂದು ಇಣುಕಿ ಹೋದ. ಹಿಂಗಾರಿ ಬಂಗಾರ ಆಗುತ್ತದೆ ಎಂದು ಊರೆಲ್ಲ ಮಾತಾಯಿತು. ಘಟ ನೋಡಿಯೇ ನಾಲ್ಕಾರು ಮನೆಯವರು ಬಿತ್ತಲು ಜೋಳದ ಬೀಜ ತೆಗೆದಿಟ್ಟರು.

ಎಲ್ಲರೂ ಹೋದ ಮೇಲೆ ನಾನು ಬುಟ್ಟಿಯ ಮಣ್ಣನ್ನು ಚೂರು ಎತ್ತಿ ಬೆರಳಲ್ಲಿ ಉಜ್ಜಿದೆ. ಎರೆಮಣ್ಣಿನ ಅಂಟು ಇರಲಿಲ್ಲ. ನಡುವೆ ಹೊಟ್ಟಿನ ಎಳೆ ಸಿಕ್ಕಿತು.

“ಎಲ್ಲಿದು ಈ ಮಣ್ಣು?” ಎಂದೆ.

“ಎಮ್ಮಿ ಕೊಟ್ಟಿಗಿ ಗ್ವಾಡಿ ಬಿದ್ದೈತಲ್ರಿ, ಅದರದ್ದು.”

“ಹೊಲದ್ದ ಯಾಕ ತರಲಿಲ್ಲ?”

ಅವಳು ದೀಪದ ಬತ್ತಿ ಮುಂದೆ ಮಾಡಿದಳು.

“ತಂದಿದ್ದೆನ್ರಿ. ಹಬ್ಬಕ್ಕ ಮೊದಲ ಡಬ್ಬ್ಯಾಗ ಹಾಕಿ ನೋಡಿದ್ದೆ. ನಮ್ಮದು, ಬಾಜೂದವರದು, ಆಚಿ ಹೊಲದ್ದು.” ಅಷ್ಟು ಹೇಳಿ ಹಿತ್ತಿಲ ಬಾಗಿಲ ಕಡೆ ನೋಡಿದಳು.

ಎದ್ದು ಹೋಗಿ ನೋಡಿದೆ. ಗೋಡೆಯ ಪಕ್ಕ ಡಬ್ಬಿಗಳು ಸಾಲಾಗಿ ಇದ್ದವು. ಎಲ್ಲದರಲ್ಲಿಯೂ ಜೋಳ ಇತ್ತು. ಎಲ್ಲವೂ ಹಸಿರಾಗಿಯೇ ಇದ್ದವು. ಬಾಗಿ ಒಂದರ ಪಕ್ಕ ನನ್ನ ಬೆರಳಿಟ್ಟೆ. ಜೋಳ ಬೆರಳು ದಾಟಿರಲಿಲ್ಲ.